ಮೆಟ್ಟುಗತ್ತಿ, ಮಿಷನ್ನು ಮತ್ತು ಭದ್ರಾವತಿ

ಮೊನ್ನೆ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿದ್ದೆವು. ಪಾತ್ರೆ ಅಂಗಡಿಯೊಂದರಲ್ಲಿ ಮಾತು ಭದ್ರಾವತಿಯ ಕಡೆ ಹೊರಳಿತು. ಅಂಗಡಿಯ ಯಜಮಾನರು ಒಂದೇ ಮಾತಲ್ಲಿ ಮುಗಿಸಿಬಿಟ್ಟರು: "ಅಲ್ಲಿಯವ್ರು ಮೈ ಬಗ್ಗಿಸಿ ದುಡೀಲಿಲ್ಲ ಕಣ್ರಪ್ಪ, ಫ್ಯಾಕ್ಟರಿ ಕೂತ್ಕಂತು."

ಈ ಮಾತನ್ನು ನೀವೂ ಬಸ್ಸಿನಲ್ಲಿ, ಹೋಟೆಲಿನಲ್ಲಿ ಕೇಳಿರುತ್ತೀರಿ. ನಾವು ಒಪ್ಪುವುದಿಲ್ಲ. ಯಾಕೆ ಅನ್ನುವುದನ್ನು ಅಡಿಕೆಯಿಂದಲೇ ಶುರು ಮಾಡುತ್ತೇವೆ.

ಮೆಟ್ಟುಗತ್ತಿ ಹಿಡಿದು ರಾತ್ರಿವರೆಗೆ ಅಡಿಕೆ ಸುಲಿಯುವ ಹೆಂಗಸರನ್ನು ನಾವೆಲ್ಲ ನೋಡಿದ್ದೇವೆ. ಈಗ ಬಹಳ ಮನೆಗಳಿಗೆ ಸುಲಿಯುವ ಮಿಷನ್ ಬಂದಿದೆ. ಅದೇ ಹೆಂಗಸರು, ಅದೇ ಒಂದು ದಿನ, ಆದರೆ ಸುಲಿದ ಅಡಿಕೆ ಎಷ್ಟೋ ಪಟ್ಟು ಜಾಸ್ತಿ. ಅವರೇನು ಹೊಸದಾಗಿ ಮೈ ಬಗ್ಗಿಸಲು ಕಲಿತರೇ? ಇಲ್ಲ. ಒಬ್ಬರ ಒಂದು ದಿನದ ದುಡಿಮೆಗೆ ಎಷ್ಟು ಮಾಲು ಎನ್ನುವ ಈ ಲೆಕ್ಕಕ್ಕೇ ಉತ್ಪಾದಕತೆ ಎನ್ನುತ್ತಾರೆ. ಕರೆಂಟು ಹೋದರೆ, ಬೆಲ್ಟು ಹರಿದರೆ, ಗೊನೆ ಬರುವುದು ತಡವಾದರೆ ಲೆಕ್ಕ ನೆಲಕ್ಕೆ ಬೀಳುತ್ತದೆ. ಆಗ ಸುಲಿಯುವವರನ್ನು ಸೋಮಾರಿ ಎಂದು ಯಾರೂ ಬೈಯುವುದಿಲ್ಲ.

ಭದ್ರಾವತಿಯ ಕಥೆಯೂ ಇದೇ. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದಾಗ ಅಲ್ಲಿ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಕಟ್ಟಿಗೆ ಸುಟ್ಟು ಇದ್ದಿಲು ಮಾಡಿ, ಕೆಮ್ಮಣ್ಣುಗುಂಡಿಯ ಅದಿರು ತಂದು ಕುಲುಮೆ ನಡೆಸಿದರು. ನಷ್ಟ ಬಂದಾಗ ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ಹದಕ್ಕೆ ತಂದರು. 1948ರಲ್ಲಿ ಜೋಗದ ವಿದ್ಯುತ್ ಬಂತು, ಮುಂದೆ ವಿದ್ಯುತ್ ಕುಲುಮೆಗಳು ಬಂದವು. ಆಮೇಲೆ ವಿಶೇಷ ಉಕ್ಕು ಮಾಡಲು ಕಲಿತರು. ಕಾರ್ಖಾನೆ ಬೆಳೆದಿದ್ದು ಹೊಸ ಯಂತ್ರ ಬಂದಾಗ, ಹೊಸ ವಿದ್ಯೆ ಕಲಿತಾಗ.

ಆಮೇಲೆ ಅದು ನಿಂತಿತು. 1998ರಲ್ಲಿ ಸೈಲ್ ಜೊತೆ ವಿಲೀನವಾದ ಮೇಲೂ ಸ್ವಂತ ಅದಿರಿನ ಗಣಿ ಮತ್ತು ದೊಡ್ಡ ಬಂಡವಾಳ ಬರೀ ಬೇಡಿಕೆಯಾಗಿಯೇ ಉಳಿದವು. ಮಾರಲು ಹೊರಟರೆ ಕೊಳ್ಳುವವರು ಬರಲಿಲ್ಲ. 2023ರ ಜನವರಿಯಲ್ಲಿ, ಸರಿಯಾಗಿ ನೂರು ತುಂಬುವಾಗ, ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಪಕ್ಕದ ಎಂಪಿಎಂ ಕಾಗದ ಕಾರ್ಖಾನೆ 2015ರಲ್ಲೇ ನಿಂತಿತ್ತು.

ದಕ್ಷಿಣ ಕೊರಿಯಾದ ಪೋಹಾಂಗ್‌ನಲ್ಲಿ ಉಕ್ಕಿನ ಕಾರ್ಖಾನೆ ಶುರುವಾಗಿದ್ದು 1973ರಲ್ಲಿ, ಭದ್ರಾವತಿಗಿಂತ 50 ವರ್ಷ ತಡವಾಗಿ. ವರ್ಷಕ್ಕೆ ಸುಮಾರು 10 ಲಕ್ಷ ಟನ್ ಇದ್ದ ಅದರ ಸಾಮರ್ಥ್ಯ 1981ರ ಹೊತ್ತಿಗೆ 85 ಲಕ್ಷ ಟನ್ ಆಯಿತು. ಜಪಾನಿನಿಂದ ವಿದ್ಯೆ ತಂದರು, ಒಂದರ ಹಿಂದೆ ಒಂದು ಕುಲುಮೆ ಕಟ್ಟುತ್ತಲೇ ಹೋದರು. ಅವರಿಗೇನು ನಾಲ್ಕು ಕೈ ಇರಲಿಲ್ಲ.

ಹಾಗಂತ ನಮ್ಮಲ್ಲಿ ಎಲ್ಲ ಸರಿಯಿತ್ತು ಎನ್ನುವುದಿಲ್ಲ. ಸರ್ಕಾರದ ದುಡ್ಡು ಹೇಗೂ ಬರುತ್ತದೆ ಎಂದು ಕೂತರೆ ಯಾವ ಕಾರ್ಖಾನೆಯೂ ಕಲಿಯುವುದನ್ನು ನಿಲ್ಲಿಸುತ್ತದೆ. ಶಿವಮೊಗ್ಗ ಮತ್ತು ಮಾಚೇನಹಳ್ಳಿಯ ಫೌಂಡ್ರಿಗಳನ್ನು ನೋಡಿ. ವಾಹನಗಳ ಬಿಡಿಭಾಗ ಎರಕ ಹೊಯ್ಯುತ್ತಾರೆ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಗಿರಾಕಿ ಮಾಲು ವಾಪಸ್ ಕಳಿಸುತ್ತಾನೆ. ಆ ಭಯವೇ ಅವರಿಗೆ ಮೇಷ್ಟ್ರು. ಬಂಡವಾಳ ಬೇಕು, ಜೊತೆಗೆ ಈ ಮೇಷ್ಟ್ರೂ ಬೇಕು.

ಇನ್ನೊಂದು ಮಾತು. ಇವತ್ತು ಕರೆದು ನಾಳೆ ಬೇಡ ಎನ್ನುವ ಗುತ್ತಿಗೆ ಕೆಲಸದಲ್ಲಿ ಯಾರೂ ಯಾರಿಗೂ ಕೆಲಸ ಕಲಿಸುವುದಿಲ್ಲ. ಮಾಲೀಕರಿಗೆ ಕಲಿಸುವ ಆಸೆ ಇರುವುದಿಲ್ಲ, ಹುಡುಗನಿಗೆ ಉಳಿಯುವ ಭರವಸೆ ಇರುವುದಿಲ್ಲ. ಉಕ್ಕಿನ ಬಣ್ಣ ನೋಡಿಯೇ ಹದ ಹೇಳುವ ಹಿರಿಯರು ಒಬ್ಬೊಬ್ಬರೇ ನಿವೃತ್ತರಾದರೆ ಆ ವಿದ್ಯೆಯೂ ಅವರ ಜೊತೆಗೇ ಮನೆಗೆ ಹೋಗುತ್ತದೆ. ಅದನ್ನು ಆಮೇಲೆ ಯಾವ ಟೆಂಡರ್ ಕರೆದರೂ ಕೊಳ್ಳಲಾಗದು.

ಓಟು ಕೇಳಲು ಬರುವವರಿಗೆ "ಫ್ಯಾಕ್ಟರಿ ಉಳಿಸ್ತೀರಾ?" ಎಂದಷ್ಟೇ ಕೇಳಿದರೆ "ಉಳಿಸ್ತೀವಿ" ಎಂದು ಹೇಳಿ ಹೋಗುತ್ತಾರೆ. ಅದರ ಬದಲು ಹೀಗೆ ಕೇಳೋಣ: ಅದಿರು ಎಲ್ಲಿಂದ? ಹೊಸ ಕುಲುಮೆಗೆ ದುಡ್ಡು ಯಾವ ವರ್ಷ? ನಮ್ಮೂರ ಐಟಿಐ ಹುಡುಗ ಹುಡುಗಿಯರು ಯಾವ ಯಂತ್ರದ ಮೇಲೆ ಕೆಲಸ ಕಲಿಯುತ್ತಾರೆ?

ಪಾತ್ರೆ ಅಂಗಡಿಯ ಯಜಮಾನರಿಗೂ ಇದನ್ನೇ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಹುಡುಗನೂ ಡಿಪ್ಲೊಮಾ ಮುಗಿಸಿ ಬೆಂಗಳೂರಿಗೇ ಹೋದ" ಎಂದರು.