ಸಪ್ತಭಾಷೆಗಳ ನಾಡಿನಲ್ಲಿ ನಾವು

ಕಾಸರಗೋಡು ಸಪ್ತಭಾಷಾ ಸಂಗಮಭೂಮಿ ಎಂಬ ಮಾತನ್ನು ನಾವು ಸಭೆ ಸಮಾರಂಭಗಳಲ್ಲಿ ಕೇಳುತ್ತಲೇ ಇರುತ್ತೇವೆ; ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಭಾಷೆಗಳ ಜನ ಒಂದೇ ನೆಲದಲ್ಲಿ ಬಾಳುತ್ತಿರುವುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಬರಿದೇ ಅಕ್ಕಪಕ್ಕದಲ್ಲಿ ವಾಸಿಸಿದ ಮಾತ್ರಕ್ಕೆ ಸಂಸ್ಕೃತಿ ಬೆಳೆಯದು. ಒಬ್ಬರ ಸೊತ್ತನ್ನು ಇನ್ನೊಬ್ಬರು ತಮ್ಮದೆಂದು ಪ್ರೀತಿಸಿದುದರಿಂದಲೇ ಈ ನಾಡಿನ ಸಂಸ್ಕೃತಿ ಬೆಳೆಯಿತು ಎಂಬುದು ನಮ್ಮ ಅಭಿಪ್ರಾಯ.

ಕನ್ನಡವನ್ನೇ ನೋಡೋಣ. 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಎಂಬ ಗೌರವ ಪಡೆದ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಇವರು ಕನ್ನಡಕ್ಕೆ ದುಡಿದುದರಿಂದ ಕೊಂಕಣಿಗಾಗಲಿ ತುಳುವಿಗಾಗಲಿ ನಷ್ಟವಾಯಿತೇ? ಅತ್ತ ತಳಂಗರೆಯ ಟಿ. ಉಬೈದರು ಕನ್ನಡ ಶಾಲೆಯಲ್ಲಿ ಓದಿ ಮಲಯಾಳದ ಕವಿಯಾದರು. ಕನ್ನಡ ಸಾಹಿತ್ಯವನ್ನು ಮಲಯಾಳಿಗಳಿಗೆ ಪರಿಚಯಿಸಿದರು.

ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಆಡುವಾಗ, ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಆಡುವ ಕಲಾವಿದರ ಬಾಯಲ್ಲಿ ಎಂತಹ ಶುದ್ಧ ಕನ್ನಡ! ಹವ್ಯಕರಾದ ಶೇಣಿ ಗೋಪಾಲಕೃಷ್ಣ ಭಟ್ಟರು ಹೆಸರು ಗಳಿಸಿದ ಪಾತ್ರಗಳಲ್ಲಿ ಬಪ್ಪ ಬ್ಯಾರಿಯದೂ ಒಂದು. ಉದ್ಯಾವರದ ಅರಸು ಮಂಜಿಷ್ಣಾರ್ ದೈವಗಳ ಉತ್ಸವಕ್ಕೆ ಮುನ್ನ ಕ್ಷೇತ್ರದವರು ಸಾವಿರ ಜಮಾಅತ್ ಮಸೀದಿಗೆ ಹೋಗಿ ಆಮಂತ್ರಣ ನೀಡುವ ಸಂಪ್ರದಾಯವಿದೆ. ಇವೆಲ್ಲ ಭಾಷಣದಿಂದ ಬಂದುವಲ್ಲ, ಬಾಳಿನಿಂದ ಬಂದುವು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಜಿಲ್ಲೆಯಾಯಿತು. ಇಲ್ಲಿ ನಾವು ಭಾಷಾ ಅಲ್ಪಸಂಖ್ಯಾತರು. ಮಲಯಾಳ ಕಲಿತರೆ ಕನ್ನಡ ಕೆಡುತ್ತದೆಂದು ಕೆಲವರು ಅಂಜುತ್ತಾರೆ. ಆ ಅಂಜಿಕೆ ನಮಗಿಲ್ಲ. ಮನೆಯಲ್ಲಿ ಬ್ಯಾರಿ, ಬಸ್ಸಿನಲ್ಲಿ ಮಲಯಾಳ, ಆಟದ ಬಯಲಿನಲ್ಲಿ ತುಳು ಆಡುತ್ತಲೇ ತರಗತಿಯಲ್ಲಿ ಅಂದವಾಗಿ ಕನ್ನಡ ಪ್ರಬಂಧ ಬರೆಯುವ ಮಕ್ಕಳನ್ನು ನಾವು ದಿನವೂ ಕಾಣುತ್ತೇವೆ. ನಾವು ಅಂಜುವುದು ಬೇರೊಂದಕ್ಕೆ. "ಕನ್ನಡ ಕಲಿತು ಏನು ಪ್ರಯೋಜನ?" ಎಂದು ಹೆತ್ತವರೇ ಕೇಳತೊಡಗಿದ್ದಾರೆ. ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿ, ಮನೆಯಲ್ಲೂ ಮನೆಮಾತನ್ನು ಬಿಡಿಸುತ್ತಿದ್ದಾರೆ. ಇಂಗ್ಲಿಷ್ ಬೇಡವೆಂದು ಯಾರೂ ಹೇಳುವುದಿಲ್ಲ. ನಾವೂ ಅದನ್ನು ಕಲಿತವರೇ. ಆದರೆ ಇದ್ದ ಗಂಟನ್ನು ಕಳೆದುಕೊಂಡು ಹೊಸದನ್ನು ಗಳಿಸುವುದು ಜಾಣತನವಲ್ಲ. ಕನ್ನಡ ಬಾರದ ಮಗುವಿಗೆ ಅಜ್ಜ ಮೆಚ್ಚಿದ ತಾಳಮದ್ದಳೆಯ ಅರ್ಥ ತಿಳಿಯದು. ತುಳು ಬಾರದ ಮಗುವಿಗೆ ದೈವದ ನುಡಿ ತಿಳಿಯದು.

ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ: ಮಕ್ಕಳು ಮನೆಮಾತನ್ನು ನಾಚದೆ ಆಡಲಿ, ನೆರೆಯವರ ಮಾತನ್ನು ಕಲಿಯಲಿ, ಕನ್ನಡವನ್ನು ಓದಿ ಬರೆಯಲಿ. ಹೊಳೆಗಳೇ ಬತ್ತಿದ ಮೇಲೆ ಸಂಗಮವೆಲ್ಲಿ? ವಿದ್ಯಾರ್ಥಿಗಳೇ, ಈ ಹೊಳೆಗಳು ಬತ್ತದಂತೆ ಕಾಯುವವರು ನೀವಾಗಿರಿ ಎಂಬುದೇ ನಮ್ಮ ಹಾರೈಕೆ.