ಬೆಸುಗೆಗೆ ಮೊದಲು ಟಾಕಿ ತೊಳೆಯುವ ಕೂಲಿ ಕೊಡಿ

ಜತ್ತ: ಗಡಿ ಭಾಗದ ಹಳ್ಳಿಗಳಲ್ಲಿ ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಯಾರೂ ಗಾಡಿಯನ್ನು ಮೂಲೆಗೆ ನೂಕುವುದಿಲ್ಲ. ಸಂಖ, ಉಮದಿ, ಮಾಡಗ್ಯಾಳ ಕಡೆ ಸಂತೆಯ ದಿನ ನಿಂತು ನೋಡಿದರೆ ಸಾಕು. ಹದಿನೈದು, ಇಪ್ಪತ್ತು ವರ್ಷ ದಾಟಿದ ಮೋಟಾರ್ ಸೈಕಲ್, ಹಾಲಿನ ಕ್ಯಾನು ಹೊತ್ತ ಎಂ-80, ವಡಾಪ್ ಹೊಡೆಯುವ ಜೀಪು ಇನ್ನೂ ದುಡಿಯುತ್ತಿವೆ. ಮಳೆ ಕೈಕೊಟ್ಟ ವರ್ಷ ಹೊಸ ಗಾಡಿಯ ಕಂತು ಕಟ್ಟುವುದು ಎಲ್ಲರಿಗೂ ಆಗುವ ಮಾತಲ್ಲ. ಹಳೆ ಗಾಡಿ ಓಡಿಸುವುದರಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಅದರ ಟಾಕಿ ಸೋರತೊಡಗಿದಾಗ ನಡೆಯುವ ರಿಪೇರಿಯಲ್ಲಿ.

ಟಾಕಿ ಹೆಚ್ಚಾಗಿ ತಳದಿಂದಲೇ ಕೊಳೆಯುತ್ತದೆ. ನೀರು ಪೆಟ್ರೋಲ್‌ಗಿಂತ ಭಾರ. ಗಾಳಿಯ ತೇವದಿಂದಲೋ, ಮುಚ್ಚಳದ ರಬ್ಬರ್ ಹೋಗಿ ಮಳೆಯಿಂದಲೋ ಒಳಗಿಳಿದ ನೀರು ತಳದ ಅಂಚಿನಲ್ಲಿ, ಜೋಡಣೆಯ ಸಂದಿನಲ್ಲಿ ಕೂತು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಹೊರಗೆ ಬಣ್ಣ ಥಳಥಳ ಇರುವಾಗಲೇ ಒಳಗೆ ತಗಡು ಕಾಗದದಷ್ಟು ತೆಳ್ಳಗಾಗಿರುತ್ತದೆ. ಈಗ ಪೆಟ್ರೋಲ್‌ನಲ್ಲಿ ಎಥೆನಾಲ್ ಬೇರೆ ಬಂದಿದೆ. 2025ರ ಹೊತ್ತಿಗೆ ದೇಶದಲ್ಲಿ ಅದರ ಪ್ರಮಾಣ ಸರಾಸರಿ ಶೇ. 20ಕ್ಕೆ ಮುಟ್ಟಿತು. ಈ ಭಾಗದ ಕಬ್ಬಿಗೂ ಅದರಿಂದ ಗಿರಾಕಿ ಸಿಕ್ಕಿದೆ ಎನ್ನುವುದು ನಿಜ. ಆದರೆ ಎಥೆನಾಲ್ ನೀರನ್ನು ಎಳೆದುಕೊಳ್ಳುವ ಗುಣದ್ದು. ತಿಂಗಳುಗಟ್ಟಲೆ ನಿಂತ ಹಳೆ ಗಾಡಿಯ ಟಾಕಿಗೆ, ರಬ್ಬರ್ ಪೈಪಿಗೆ ಅದು ಒಳ್ಳೆಯದಲ್ಲ.

ಸೋರಿಕೆ ಕಂಡ ಕೂಡಲೇ ನಡೆಯುವ ಉಪಾಯ ಎಲ್ಲರಿಗೂ ಗೊತ್ತಿದ್ದದ್ದೇ. ಬಟ್ಟೆ ತೊಳೆಯುವ ಸಾಬೂನು ಒತ್ತುವುದು, ಇಲ್ಲವೇ ಎಂ-ಸೀಲ್ ಮೆತ್ತುವುದು. ಸಾಬೂನು ಪೆಟ್ರೋಲ್‌ನಲ್ಲಿ ಬೇಗ ಕರಗುವುದಿಲ್ಲವಾದ್ದರಿಂದ ಮನೆ ಮುಟ್ಟುವ ತನಕ ತಡೆಯುತ್ತದೆ, ಅಷ್ಟೇ. ಎಂ-ಸೀಲ್ ಹಿಡಿಯಬೇಕಾದರೆ ಟಾಕಿ ಖಾಲಿ ಮಾಡಿ, ಬಣ್ಣ-ತುಕ್ಕು ಉಜ್ಜಿ ತೆಗೆದು, ಒಣಗಿಸಿ ಹಚ್ಚಬೇಕು. ಒದ್ದೆ ಜಾಗಕ್ಕೆ ಮೆತ್ತಿದ್ದು ಎಂಟು ದಿನಕ್ಕೆ ಉದುರಿದರೆ ಅದು ಮಾಲಿನ ತಪ್ಪಲ್ಲ. ಸುತ್ತಲಿನ ತಗಡೇ ಸತ್ತಿದ್ದರಂತೂ ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದೆ.

"ಒಂದೊಂದ ಹನಿ ಬೀಳತೈತಿ, ಏನ್ ಆಗ್ತೈತಿ ಬಿಡ್ರಿ" ಎನ್ನುವವರು ಒಮ್ಮೆ ಲೆಕ್ಕ ಹಾಕಬೇಕು. ಒಂದು ಮಿಲಿ ಲೀಟರ್‌ಗೆ ಐವತ್ತು ಹನಿ ಎಂದು ಹಿಡಿದರೂ, ಸೆಕೆಂಡಿಗೆ ಒಂದು ಹನಿಯಂತೆ ರಾತ್ರಿ ಹತ್ತು ತಾಸಿನಲ್ಲಿ 36,000 ಹನಿ, ಅಂದರೆ 720 ಮಿಲಿ ಲೀಟರ್. ಲೀಟರ್‌ಗೆ ನೂರು ರೂಪಾಯಿ ಎಂದರೂ ಒಂದು ರಾತ್ರಿಗೆ 72 ರೂಪಾಯಿ ನೆಲದ ಪಾಲು. ದುಡ್ಡಿನ ಮಾತು ಬಿಡಿ. ಕಳ್ಳರ ಭಯಕ್ಕೆ ಎಷ್ಟೋ ಮನೆಗಳಲ್ಲಿ ಗಾಡಿಯನ್ನು ರಾತ್ರಿ ಪಡಸಾಲೆಯೊಳಗೇ ನಿಲ್ಲಿಸುತ್ತಾರೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲೆ ಹೋಗದೆ ನೆಲ ಹಿಡಿದು ಹರಿಯುತ್ತದೆ. ಅದೇ ಮನೆಯಲ್ಲಿ ಒಲೆ ಇದೆ, ದೇವರ ದೀಪ ಇದೆ, ಮಲಗಿದ ಮಕ್ಕಳಿದ್ದಾರೆ. ಸೋರುವ ಗಾಡಿಯ ಜಾಗ ಅಂಗಳವೇ ಹೊರತು ಪಡಸಾಲೆಯಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ವೆಲ್ಡಿಂಗ್ ಅಂಗಡಿಯಲ್ಲಿ. "ಮಿಸ್ತ್ರಿ ಮಾಮಾ, ಲಗೂನ ಹಚ್ಚಿ ಕೊಡ್ರಿ, ಎಣ್ಣಿ ಎಲ್ಲಾ ತಗದೇನಿ" ಎಂದು ಟಾಕಿ ಬಿಚ್ಚಿ ತಂದು ಕೊಡುವವರು ಬಹಳ. ಎಣ್ಣೆ ತೆಗೆದರೆ ಟಾಕಿ ಖಾಲಿ ಎಂಬುದೇ ಇಲ್ಲಿನ ತಪ್ಪು ತಿಳುವಳಿಕೆ. ಉರಿಯುವುದು ದ್ರವವಲ್ಲ, ಅದರ ಆವಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ. 1.4ರಿಂದ 7.6ರಷ್ಟು ಬೆರೆತಾಗ ಒಂದು ಕಿಡಿ ಸಾಕು. ಹತ್ತು ಲೀಟರ್ ಟಾಕಿಯಲ್ಲಿ ಅಷ್ಟು ಆವಿ ತುಂಬಲು ಅರ್ಧ ಚಮಚ ಪೆಟ್ರೋಲ್ ಸಾಕಾಗುತ್ತದೆ. ಅಷ್ಟು ಪೆಟ್ರೋಲ್ ತುಕ್ಕಿನ ಪದರದಲ್ಲಿ, ಅಂಚಿನ ಮಡಿಕೆಯಲ್ಲಿ ಉಳಿದೇ ಇರುತ್ತದೆ. ಹೀಗಾಗಿ ಬೆಂಕಿಯ ಮುಂದೆ ತುಂಬಿದ ಟಾಕಿಗಿಂತ ಬರಿದಾದ ಟಾಕಿಯೇ ಬಾಂಬಿನಂತೆ ಸಿಡಿಯುತ್ತದೆ. ಡೀಸೆಲ್ ಟಾಕಿಗೆ ಭಯವಿಲ್ಲ ಎನ್ನುವುದೂ ಸುಳ್ಳು. ಡೀಸೆಲ್ ತಣ್ಣಗಿದ್ದಾಗ ಆವಿ ಕಡಿಮೆ. ವೆಲ್ಡಿಂಗ್ ಜ್ವಾಲೆ ತಗಡು ಕಾಯಿಸಿದಾಗ ಒಳಗಿನ ಜಿಡ್ಡೇ ಆವಿಯಾಗುತ್ತದೆ.

ಸರಿಯಾದ ಕ್ರಮ ಕಷ್ಟದ್ದೇನಲ್ಲ, ವೇಳೆ ಹಿಡಿಯುವಂಥದ್ದು. ಮೊದಲು ಸೋರುವುದು ಟಾಕಿಯೇ ಹೌದೋ ಎಂದು ನೋಡಬೇಕು. ಎಷ್ಟೋ ಸಲ ಕಾಕಿನ ವಾಷರ್ ಇಲ್ಲವೇ ಪೈಪ್ ಹೋಗಿರುತ್ತದೆ. ತಳ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಿದರೆ ಒದ್ದೆಯಾದ ಜಾಗ ತಾನೇ ಹೇಳುತ್ತದೆ. ಟಾಕಿಯದೇ ಎಂದಾದರೆ ಬ್ಯಾಟರಿ ವಾಯರ್ ತೆಗೆದು, ಬಯಲಿನಲ್ಲಿ ಎಣ್ಣೆ ಬಸಿದು, ಟಾಕಿ ಇಳಿಸಿ, ಕಾಕು, ಮುಚ್ಚಳ, ಕಾಟೆಯ ಫ್ಲೋಟ್ ಎಲ್ಲ ಬಿಚ್ಚಬೇಕು. ಬಿಸಿನೀರು, ಸೋಡಾ ಪುಡಿ ಹಾಕಿ ಅಲುಗಿಸಿ ಮತ್ತೆ ಮತ್ತೆ ತೊಳೆಯಬೇಕು. ವಾಸನೆ ಹೋಯಿತು ಎಂದರೆ ಆವಿ ಹೋಯಿತು ಎಂದಲ್ಲ. ಆದ್ದರಿಂದ ತೊಳೆದ ಮೇಲೆ ತೂತು ಮೇಲಕ್ಕೆ ಬರುವಂತೆ ಇಟ್ಟು, ತೂತಿನ ಬುಡದವರೆಗೆ ನೀರು ತುಂಬಿ, ಮುಚ್ಚಳದ ಬಾಯಿ ತೆರೆದೇ ಇಟ್ಟು ಕೆಲಸ ಮಾಡುವುದು ಅನುಭವಸ್ಥರ ಪದ್ಧತಿ. ಒಳಗೆ ಆವಿಗೆ ಜಾಗವೇ ಉಳಿಯಬಾರದು. ಸಣ್ಣ ತೂತಿಗೆ ತವರದ ಬೆಸುಗೆಯೇ ಸಾಕು. ಅದಕ್ಕೂ ಈ ತೊಳೆತ ತಪ್ಪದು. ಕೊನೆಗೆ ನೀರು ತುಂಬಿ ಇಡೀ ರಾತ್ರಿ ಇಟ್ಟು, ಸೋರದಿದ್ದರೆ ಒಣಗಿಸಿ ಕೂರಿಸಬೇಕು.

ಇದೆಲ್ಲ ಅನೇಕ ಮಿಸ್ತ್ರಿಗಳಿಗೆ ಗೊತ್ತಿದೆ. ಗೊತ್ತಿದ್ದೂ ಯಾಕೆ ಮಾಡುವುದಿಲ್ಲ ಎಂದರೆ ಅವರಿಗೆ ಸಿಗುವುದು ಬೆಸುಗೆಯ ಕೂಲಿ ಮಾತ್ರ. ಅರ್ಧ ದಿನ ತೊಳೆಯುವ ಕೆಲಸಕ್ಕೆ ಯಾರೂ ರೊಕ್ಕ ಕೊಡುವುದಿಲ್ಲ. "ಐದ ಮಿನಿಟಿನ ಕೆಲಸಕ್ಕ ಇಷ್ಟ್ಯಾಕ?" ಎಂದು ಚೌಕಾಶಿಗೆ ಇಳಿಯುವ ಗಿರಾಕಿ, ಮಿಸ್ತ್ರಿ ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಟಾಕಿ ಹಿಡಿಯಲು ನಿಲ್ಲುವವನು ಸಾಮಾನ್ಯವಾಗಿ ಕೆಲಸ ಕಲಿಯಲು ಬಂದ ಹುಡುಗ. ಆ ಐದು ಮಿನಿಟಿನ ಅಪಾಯವೆಲ್ಲ ಅವನ ಮುಖದ ಮುಂದೆ. 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ 14 ತುಂಬದವರನ್ನು ಗ್ಯಾರೇಜಿನಲ್ಲಿ ಕೂಲಿಗೆ ಇಡುವಂತಿಲ್ಲ. 18ರೊಳಗಿನವರನ್ನು ಸಿಡಿಯುವ, ಉರಿಯುವ ವಸ್ತುಗಳ ಕೆಲಸಕ್ಕೆ ಹಚ್ಚುವಂತಿಲ್ಲ. ಕಾಯ್ದೆ ಕಾಗದದ ಮೇಲೆ ಇದೆ, ಹುಡುಗ ಟಾಕಿಯ ಮುಂದೆ ಇದ್ದಾನೆ.

ಆದ್ದರಿಂದ ಬದಲಾಗಬೇಕಿರುವುದು ಮೊದಲು ಬಿಲ್ಲು. ತೊಳೆಯುವುದಕ್ಕೆ ಇಷ್ಟು, ಬೆಸುಗೆಗೆ ಇಷ್ಟು ಎಂದು ಗ್ಯಾರೇಜಿನವರು ಎರಡು ದರ ಬೇರೆ ಬೇರೆ ಬರೆದು ಹಾಕಲಿ. ಊರಿನ ಗ್ಯಾರೇಜಿನವರೆಲ್ಲ ಕೂಡಿ ತೊಳೆಯದ ಟಾಕಿಗೆ ಬೆಂಕಿ ಹಚ್ಚುವುದಿಲ್ಲ ಎಂದು ನಿಶ್ಚಯಿಸಿದರೆ ಗಿರಾಕಿ ಮುಂದಿನ ಅಂಗಡಿಗೆ ಓಡಲಾರ. ತಾಲೂಕಿನ ಐಟಿಐಯವರು ವರ್ಷಕ್ಕೆ ಒಂದು ದಿನ ಹಳ್ಳಿಯ ವೆಲ್ಡರ್‌ಗಳನ್ನು ಕರೆದು ಈ ಕೆಲಸ ಮಾಡಿ ತೋರಿಸಲಿ. ಪೆಟ್ರೋಲ್ ಪಂಪುಗಳಲ್ಲಿ, ಗ್ರಾಮ ಪಂಚಾಯತಿ ಫಲಕದಲ್ಲಿ ನಾಲ್ಕು ಸಾಲಿನ ಸೂಚನೆ ಇರಲಿ. ಅದು ಮರಾಠಿಯಲ್ಲಿ ಮಾತ್ರ ಸಾಲದು. ಈ ಭಾಗದಲ್ಲಿ ಕನ್ನಡ ಶಾಲೆ ಕಲಿತು ಗ್ಯಾರೇಜ್ ಸೇರಿದ ಹುಡುಗರು ಎಷ್ಟೋ ಮಂದಿ ಇದ್ದಾರೆ. ಅವರ ಜೀವದ ಮಾತು ಅವರಿಗೆ ಓದಲು ಬರುವ ಅಕ್ಷರದಲ್ಲೂ ಇರಬೇಕು.

ಗಾಡಿ ಮಾಲೀಕರೂ ಒಂದು ಮಾತು ನೆನಪಿಡಬೇಕು. ಮತ್ತೆ ಮತ್ತೆ ತೂತು ಬೀಳುವ ಟಾಕಿಗೆ ಬೆಸುಗೆಯ ಮೇಲೆ ಬೆಸುಗೆ ಹಾಕಿಸುವುದು ಉಳಿತಾಯವಲ್ಲ. ಬೇರೆ ಟಾಕಿ ಹಾಕಿಸುವುದೇ ಮೇಲು. ಇನ್ನೂ ಗಟ್ಟಿ ಇದ್ದರೆ ರಿಪೇರಿ ಮಾಡಿಸಲಿ, ಆದರೆ "ಲಗೂನ" ಎಂಬ ಮಾತು ಬಿಟ್ಟು, ತೊಳೆಯುವ ಅರ್ಧ ದಿನವನ್ನೂ ಅದರ ಕೂಲಿಯನ್ನೂ ಕೊಟ್ಟು ಮಾಡಿಸಲಿ.