ತುಮಕೂರು ರಸ್ತೆಯ ನೀರು, ವಿದ್ಯಾರ್ಥಿಗಳ ಬ್ಯಾಕ್ಟೀರಿಯಾ

ಸಿಂಥೆಟಿಕ್ ಬಯಾಲಜಿ ಕ್ಲಬ್ ಎಂದರೆ ಸೂಕ್ಷ್ಮಜೀವಿಗಳಿಗೆ ಹೊಸ ಕೆಲಸ ಕಲಿಸಲು ಹೊರಟ ವಿದ್ಯಾರ್ಥಿಗಳ ಗುಂಪು. ಎಲ್ಲೋ ಮಣ್ಣಿನ ಬ್ಯಾಕ್ಟೀರಿಯಾದಲ್ಲಿರುವ ಒಂದು ವಂಶವಾಹಿಯನ್ನು ಅವರು ಆರಿಸಿಕೊಳ್ಳುತ್ತಾರೆ. ಅದರ ಡಿಎನ್‌ಎ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬರೆದು, ಡಿಎನ್‌ಎ ತಯಾರಿಸುವ ಕಂಪನಿಯಿಂದ ತರಿಸಿಕೊಂಡು, ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ಕೂರಿಸಿ, ನಿರುಪದ್ರವಿ ಇ. ಕೋಲಿ ತಳಿಯೊಳಗೆ ಸೇರಿಸುತ್ತಾರೆ. ಪ್ಲಾಸ್ಮಿಡ್ ಸೇರದ ಕೋಶಗಳನ್ನು ಆ್ಯಂಟಿಬಯಾಟಿಕ್ ಬೆರೆಸಿದ ತಟ್ಟೆ ಸಾಯಿಸುತ್ತದೆ, ಸೇರಿದವು ಬೆಳೆಯುತ್ತವೆ. ಬೆಳೆದದ್ದು ಅಂದುಕೊಂಡ ಕೆಲಸ ಮಾಡುತ್ತಿದೆಯೇ ಎಂದು ಅಳೆಯುವುದು ಕೊನೆಯ ಹಂತ. ಬಹುಪಾಲು ಸಲ ಮಾಡುತ್ತಿರುವುದಿಲ್ಲ. ಆಗ ವಿನ್ಯಾಸವನ್ನು ತಿದ್ದಿ ಮತ್ತೆ ಮೊದಲಿಂದ ಶುರು. ಕ್ಲಬ್ಬಿನ ನಿಜವಾದ ಕಲಿಕೆ ನಡೆಯುವುದು ಈ ತಿದ್ದುವಿಕೆಯಲ್ಲೇ.

ಇಂತಹ ಗುಂಪುಗಳ ವರ್ಷಚಕ್ರವನ್ನು ರೂಪಿಸಿರುವುದು ಐಜೆಮ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆ. ಅಮೆರಿಕದ ಎಂಐಟಿಯಲ್ಲಿ 2003ರ ಜನವರಿಯಲ್ಲಿ ಒಂದು ಕಿರು ಕೋರ್ಸಾಗಿ ಆರಂಭವಾದ ಇದು 2004ರಲ್ಲಿ ಐದು ತಂಡಗಳ ಸ್ಪರ್ಧೆಯಾಯಿತು. ಈಗ 400ರ ಆಸುಪಾಸಿನಲ್ಲಿ ತಂಡಗಳು ಸೇರುತ್ತವೆ. 2022ರಿಂದ ಅಂತಿಮ ಸಮಾವೇಶ ಪ್ಯಾರಿಸ್‌ನಲ್ಲಿ ನಡೆಯುತ್ತಿದೆ. ಬೆಂಗಳೂರು ಇದಕ್ಕೆ ತಡವಾಗಿ ಬಂದ ಊರಲ್ಲ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವಿದ್ಯಾರ್ಥಿ ತಂಡ 2006ರಲ್ಲೇ ಸ್ಪರ್ಧಿಸಿತ್ತು.

ಅದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು 2009ರ ತಂಡ. ಯಶಸ್ ಶೆಟ್ಟಿ ಅವರ ಮಾರ್ಗದರ್ಶನದಲ್ಲಿ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿಗಳು ‘ಆರ್ಟ್‌ಸೈನ್ಸ್ ಬೆಂಗಳೂರು’ ಹೆಸರಿನಲ್ಲಿ ಎಂಐಟಿಗೆ ಹೋದರು. ಜೀವವಿಜ್ಞಾನದ ಪದವಿಗೆ ಸೇರಿದವರಲ್ಲ, ಚಿತ್ರ, ವಿನ್ಯಾಸ ಕಲಿಯುತ್ತಿದ್ದವರು. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ರಾಸಾಯನಿಕ. ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದೆ. ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗವಿದ್ದರೂ ಮನುಷ್ಯನ ಮೂಗು ಹಿಡಿಯುತ್ತದೆ. ಅದನ್ನು ಇ. ಕೋಲಿಯಿಂದ ಹೊಮ್ಮಿಸುವುದು ಈ ವಿದ್ಯಾರ್ಥಿಗಳ ಯೋಜನೆಯಾಗಿತ್ತು. ರೋಗಕ್ಕೆ ಮದ್ದು, ಕಾರ್ಖಾನೆಗೆ ಕಿಣ್ವ ಎಂದು ಬೇರೆ ತಂಡಗಳು ಯೋಚಿಸುತ್ತಿದ್ದಾಗ, ಮುಂಗಾರಿಗೆ ಕಾಯುವ ನಾಡಿನಿಂದಷ್ಟೇ ಹುಟ್ಟಬಹುದಾದ ವಿಷಯವನ್ನು ಇವರು ಆರಿಸಿದ್ದರು. ಕರ್ನಾಟಕದ ಕ್ಲಬ್ಬುಗಳ ಚರಿತ್ರೆಯಲ್ಲಿ ಇಷ್ಟು ಸ್ವಂತಿಕೆಯ ಆಯ್ಕೆ ಇನ್ನೊಂದಿಲ್ಲ ಎಂದೇ ಹೇಳಬೇಕು.

ನಂತರ ಭಾರತೀಯ ವಿಜ್ಞಾನ ಸಂಸ್ಥೆಯ ಪದವಿ ವಿದ್ಯಾರ್ಥಿಗಳು, ಮಣಿಪಾಲದ ‘ಬಯೋಮಷಿನ್ಸ್’ ಗುಂಪಿನವರು ಸ್ಪರ್ಧೆಯನ್ನು ಮುಂದುವರಿಸಿದರು. ಈ ಚಟುವಟಿಕೆ ಹೆಚ್ಚಾಗಿ ಬೇರೂರಿರುವುದು ಒಳ್ಳೆಯ ಪ್ರಯೋಗಾಲಯ ಮೊದಲೇ ಇರುವ ಆವರಣಗಳಲ್ಲಿ. ಬೆಂಗಳೂರಿನ ತುಮಕೂರು ರಸ್ತೆಯ ಕಡೆ ನೋಡಿದರೆ ವಿದ್ಯಾರ್ಥಿಗಳಿಗೂ ಕೊರತೆಯಿಲ್ಲ, ವಿಷಯಕ್ಕೂ ಕೊರತೆಯಿಲ್ಲ. ಸೋಲದೇವನಹಳ್ಳಿಯಲ್ಲಿ ಬಯೋಟೆಕ್ನಾಲಜಿ ಎಂಜಿನಿಯರಿಂಗ್ ಕಲಿಸಲಾಗುತ್ತಿದೆ. ಮಾದನಾಯಕನಹಳ್ಳಿ ಈಗ ನಗರಸಭೆ. ಪಕ್ಕದ ಮಾದಾವರಕ್ಕೆ 2024ರ ನವೆಂಬರ್‌ನಲ್ಲಿ ಮೆಟ್ರೊ ಬಂದಿದೆ. ಅಲ್ಲಿನ ವಸ್ತುಪ್ರದರ್ಶನ ಕೇಂದ್ರದಲ್ಲಿ ತಂತ್ರಜ್ಞಾನದ ದೊಡ್ಡ ಮೇಳಗಳು ನಡೆಯುತ್ತವೆ. ಆದರೆ ಮಾದನಾಯಕನಹಳ್ಳಿಯಿಂದ ಪೀಣ್ಯದವರೆಗಿನ ಪಟ್ಟಿಗೆ ತೀರಾ ಬೇಕಾಗಿರುವುದು ನೆಲದಡಿಯ ನೀರಿನ ಬಗ್ಗೆ ನಂಬಲರ್ಹ ಮಾಹಿತಿ.

ಪೀಣ್ಯದಲ್ಲಿ ಲೋಹಕ್ಕೆ ಕ್ರೋಮ್ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಬಹಳ. ಲೇಪದ ತೊಟ್ಟಿಯಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ಅದು ನೀರಿನಲ್ಲಿ ಸುಲಭವಾಗಿ ಕರಗಿ ದೂರ ಹರಿಯುತ್ತದೆ, ಕ್ಯಾನ್ಸರ್‌ಕಾರಕವೂ ಹೌದು. ಅಲ್ಲಿನ ಅಂತರ್ಜಲದಲ್ಲಿ ಅದು ಪತ್ತೆಯಾಗಿರುವುದು ಹಳೆಯ ಸುದ್ದಿ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂಗೆ ಭಾರತೀಯ ಮಾನಕ ಕೊಟ್ಟಿರುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಕೊಳವೆಬಾವಿಯ ನೀರು ಹಳದಿಗೆ ತಿರುಗಿ ಕಣ್ಣಿಗೆ ಕಾಣುವ ಹೊತ್ತಿಗೆ ಆ ಮಿತಿ ಎಂದೋ ದಾಟಿರುತ್ತದೆ.

ಕ್ರೋಮಿಯಂ ಸಹಿಸುವ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಇದಕ್ಕೊಂದು ಸ್ವಿಚ್ಚಿದೆ. ಕ್ರೋಮೇಟ್ (ನೀರಿನಲ್ಲಿ ಕರಗಿದ ಹೆಕ್ಸಾವೇಲೆಂಟ್ ಕ್ರೋಮಿಯಂ) ಇಲ್ಲದಾಗ ‘ಸಿಎಚ್‌ಆರ್‌ಬಿ’ ಎಂಬ ಪ್ರೊಟೀನು ಡಿಎನ್‌ಎ ಮೇಲೆ ಕುಳಿತು ಮುಂದಿನ ವಂಶವಾಹಿಗಳನ್ನು ತಡೆದಿರುತ್ತದೆ. ಕ್ರೋಮೇಟ್ ಬಂದರೆ ಅದು ಎದ್ದುಹೋಗುತ್ತದೆ, ವಂಶವಾಹಿಗಳು ಕೆಲಸ ಶುರುಮಾಡುತ್ತವೆ. ಆ ಜಾಗದಲ್ಲಿ ಬಣ್ಣ ಕೊಡುವ ವಂಶವಾಹಿಯನ್ನು ಇಟ್ಟರೆ ಪತ್ತೆಕಾರ ಸಿದ್ಧ. ಎಡಿನ್‌ಬರೊ ವಿದ್ಯಾರ್ಥಿಗಳು 2006ರಲ್ಲಿ ಆರ್ಸೆನಿಕ್‌ಗೆ ಇದೇ ಬಗೆಯ ಪತ್ತೆಕಾರ ಕಟ್ಟಿದ್ದರು. ಜರ್ಮನಿಯ ಬೀಲೆಫೆಲ್ಡ್ ತಂಡ 2015ರಲ್ಲಿ ಕ್ರೋಮಿಯಂ ಸೇರಿದಂತೆ ಹಲವು ಲೋಹಗಳಿಗೆ ಕಾಗದದ ಪಟ್ಟಿ ರೂಪಿಸಿತು. ಅದರಲ್ಲಿ ಜೀವಂತ ಕೋಶವೇ ಇರಲಿಲ್ಲ. ಕೋಶ ಒಡೆದು ತೆಗೆದ ಸಾರವನ್ನು ಡಿಎನ್‌ಎ ಜೊತೆ ಕಾಗದದ ಮೇಲೆ ಒಣಗಿಸಲಾಗಿತ್ತು.

ಇಲ್ಲಿ ಕ್ಲಬ್ ತನ್ನನ್ನೇ ಕೇಳಿಕೊಳ್ಳಬೇಕಾದ ಕಠಿಣ ಪ್ರಶ್ನೆಯೊಂದಿದೆ. ಹೆಕ್ಸಾವೇಲೆಂಟ್ ಕ್ರೋಮಿಯಂ ಪತ್ತೆಗೆ ಡೈಫಿನೈಲ್‌ಕಾರ್ಬಜೈಡ್ ಎಂಬ ರಾಸಾಯನಿಕ ಪರೀಕ್ಷೆ ಮೊದಲೇ ಇದೆ. ಬೆರೆಸಿದರೆ ನೀರು ನೇರಳೆಯಾಗುತ್ತದೆ, ಖರ್ಚೂ ಕಡಿಮೆ. ಬ್ಯಾಕ್ಟೀರಿಯಾ ಇದಕ್ಕಿಂತ ಏನು ಹೆಚ್ಚು ಕೊಡುತ್ತದೆ? ಹಲವು ಲೋಹಗಳನ್ನು ಒಂದೇ ಪಟ್ಟಿಯಲ್ಲಿ ನೋಡುವುದಾದರೆ ಉಪಯೋಗವಿದೆ. ಆರ್ಸೆನಿಕ್‌ನಂತೆ ರಾಸಾಯನಿಕ ಕಿಟ್ಟೇ ವಿಷಾನಿಲ ಬಿಡುವ ಕಡೆಯೂ ಉಪಯೋಗವಿದೆ; ಯಾದಗಿರಿ, ರಾಯಚೂರಿನ ಚಿನ್ನದ ಗಣಿ ಸೀಮೆಯ ಹಳ್ಳಿಗಳಿಗೆ ಅದು ಬೇಕಾದದ್ದೇ. ಇದ್ಯಾವುದೂ ಅಲ್ಲದೆ ಬರೀ ಪದಕಕ್ಕಾಗಿ ಕಟ್ಟಿದ ಪತ್ತೆಕಾರ ಪೀಣ್ಯದ ಯಾವ ಮನೆಗೂ ತಲುಪುವುದಿಲ್ಲ. ಪ್ಲೇಟಿಂಗ್ ಘಟಕದ ಮಾಲೀಕರನ್ನೂ ಕೆಲಸಗಾರರನ್ನೂ ಕೊಳವೆಬಾವಿ ನೀರು ಬಳಸುವವರನ್ನೂ ವಿನ್ಯಾಸಕ್ಕೆ ಮೊದಲೇ ಕನ್ನಡದಲ್ಲಿ ಮಾತನಾಡಿಸಬೇಕು. ಯೋಜನೆಯಿಂದ ಯಾರ ಬದುಕಿಗೆ ಏನಾಗುತ್ತದೆ ಎಂಬುದನ್ನು ಐಜೆಮ್ ಕೂಡ ಮೌಲ್ಯಮಾಪನದಲ್ಲಿ ನೋಡುತ್ತದೆ.

ಕಾನೂನಿನ ಗೆರೆ ಸ್ಪಷ್ಟವಾಗಿದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳ ಪ್ರಕಾರ ವಂಶವಾಹಿ ತಿದ್ದುವ ಪ್ರಯೋಗಕ್ಕೆ ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ತಿದ್ದಿದ ಜೀವಿಯನ್ನು ಪ್ರಯೋಗಾಲಯದಿಂದ ಹೊರಗೆ ಬಿಡಲು ಸ್ಪರ್ಧೆಯ ನಿಯಮವೂ ಅವಕಾಶ ಕೊಡುವುದಿಲ್ಲ. ಹೀಗಾಗಿ ಕ್ರೋಮಿಯಂ ತಿನ್ನುವ ಬ್ಯಾಕ್ಟೀರಿಯಾವನ್ನು ಕೆರೆಗೆ ಸುರಿಯುವ ಮಾತೇ ಬರುವುದಿಲ್ಲ. ಸದ್ಯಕ್ಕೆ ಹೊರಗೆ ಒಯ್ಯಲು ಯೋಚಿಸಬಹುದಾದದ್ದು ಜೀವಂತ ಕೋಶವಿಲ್ಲದ ಕಾಗದದ ಪಟ್ಟಿಯಂಥದ್ದು.

ಸುರಕ್ಷತಾ ಸಮಿತಿ, ಆಟೋಕ್ಲೇವ್, ಮೈನಸ್ 80 ಡಿಗ್ರಿಯ ಫ್ರೀಜರ್, ಅದಕ್ಕೆ ಕೈಕೊಡದ ಕರೆಂಟು ಇವನ್ನೆಲ್ಲ ಒಂದೊಂದು ಕಾಲೇಜೂ ಬೇರೆಬೇರೆಯಾಗಿ ಹೊಂದಿಸುವುದು ಕಷ್ಟ. ಸ್ಪರ್ಧೆಯ ಶುಲ್ಕವೇ ಸಾವಿರಾರು ಡಾಲರ್, ಪ್ಯಾರಿಸ್ ಪ್ರಯಾಣ ಬೇರೆ. ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ತಂಡದವರು ಪದವಿ ಮುಗಿಸಿ ಹೋಗುತ್ತಾರೆ, ಪ್ಲಾಸ್ಮಿಡ್ಡುಗಳು ಲೇಬಲ್ ಅಳಿಸಿದ ಟ್ಯೂಬುಗಳಲ್ಲಿ ಉಳಿಯುತ್ತವೆ, ಮುಂದಿನ ತಂಡ ಹೊಸ ವಿಷಯ ಹಿಡಿಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಬೆಂಗಳೂರು ಬಯೋಇನ್ನೋವೇಶನ್ ಸೆಂಟರ್, ಜಿಕೆವಿಕೆ ಆವರಣದ ಸಿ-ಕ್ಯಾಂಪ್ ಮುಖ್ಯವಾಗಿ ನವೋದ್ಯಮಗಳನ್ನು ಬೆಳೆಸುವ ಕೇಂದ್ರಗಳು. ಪದವಿ ವಿದ್ಯಾರ್ಥಿಗಳಿಗಾಗಿ ತುಮಕೂರು ರಸ್ತೆಯ ಕಾಲೇಜುಗಳು ಸೇರಿ ಒಂದು ಸಾಮಾನ್ಯ ಪ್ರಯೋಗಾಲಯ, ಒಂದು ಸುರಕ್ಷತಾ ಸಮಿತಿ ನಡೆಸುವುದು ಸಾಧ್ಯ. ಖರ್ಚಿನ ಪಾಲನ್ನು ಕೈಗಾರಿಕಾ ಸಂಘಗಳಿಂದ ಕೇಳುವುದು ನ್ಯಾಯವೇ. ಪರೀಕ್ಷೆಗೆ ಒಳಪಡುವುದು ಆ ಪ್ರದೇಶದ್ದೇ ನೀರು.

ಅಲ್ಲಿನ ಮೊದಲ ವರ್ಷದ ಕೆಲಸಕ್ಕೆ ವಂಶವಾಹಿ ಮುಟ್ಟುವ ಅಗತ್ಯವೂ ಇಲ್ಲ. ಮಾದನಾಯಕನಹಳ್ಳಿ ಸುತ್ತಲಿನ ಕೊಳವೆಬಾವಿಗಳಿಂದ ಪ್ರತಿ ತಿಂಗಳು ನೀರು ತಂದು, ಹಳೆಯ ರಾಸಾಯನಿಕ ವಿಧಾನದಲ್ಲೇ ಅಳೆದು, ಮಳೆಗಾಲ ಬೇಸಿಗೆಗಳ ವ್ಯತ್ಯಾಸ ಸಹಿತ ನಕ್ಷೆಯಲ್ಲಿ ಗುರುತಿಸಿ ನಗರಸಭೆಗೆ ಕೊಡಬಹುದು. ಎರಡನೇ ವರ್ಷ ಕಟ್ಟುವ ಜೈವಿಕ ಪತ್ತೆಕಾರ ಎಷ್ಟು ಸರಿ, ಎಷ್ಟು ತಪ್ಪು ಎಂದು ಒರೆಹಚ್ಚಲು ಬೇಕಾಗುವುದೂ ಅದೇ ಅಂಕಿಅಂಶ.